ಡ್ರಮ್ಮಿಗೆ ಅಜೀರ್ಣ

"ಇನ್ಮೇಲೆ ಈ ಮನೆಯಿಂದ ಒಂದು ಅಗುಳು ಅನ್ನ ಕೂಡ ಕಸದ ಗಾಡಿ ಹತ್ತಲ್ಲ! ಇದು ನನ್ನ ಶಪಥ!"

ಪಂಪ್ ಮೆಕ್ಯಾನಿಕ್ ಹೀಗೆ ಗುಡುಗಿದಾಗ ಅವನ ಕೈಯಲ್ಲಿ ಖಡ್ಗವಿರಲಿಲ್ಲ, ಪೈಪ್ ರೆಂಚ್ ಇತ್ತು. ಎದುರಿಗೆ ಸೈನ್ಯವೂ ಇರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಗಿರಾಕಿಯೊಬ್ಬರ ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದ ಹೆಂಡತಿ, ಊಟ ಮುಗಿಸಿ ಹೊಟ್ಟೆ ನೀವಿಕೊಳ್ಳುತ್ತಿದ್ದ ಅತ್ತೆ, ಇಷ್ಟೇ ಜನ.

"ಗಾಡಿ ಹತ್ತದೆ ಮತ್ತೆಲ್ಲಿಗೆ ಹೋಗತ್ತೆ?" ಹೆಂಡತಿ ತಲೆ ಎತ್ತದೆ ಕೇಳಿದಳು.

"ತಾರಸಿಗೆ! ಅಲ್ಲಿ ಡ್ರಮ್ ಇಡ್ತೀನಿ. ಅದಕ್ಕೆ ಹಾಕಿದ್ದೆಲ್ಲ ಗ್ಯಾಸ್ ಆಗತ್ತೆ. ಆ ಗ್ಯಾಸಲ್ಲೇ ನಿನಗೆ ಟೀ ಮಾಡಿಕೊಡ್ತೀನಿ."

"ತಾರಸಿ ನಂದು," ಅಂದಳು ಹೆಂಡತಿ. ಅದು ನಿಜ. ಪರದೆ ಬಟ್ಟೆಯನ್ನು ಹೊಲಿಯುವ ಮುಂಚೆ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೊಣಕಾಲುದ್ದಕ್ಕೆ ಬರುತ್ತದೆ. ಹಿತ್ತಲಲ್ಲಿ ಬಿಸಿಲು ಬೀಳುತ್ತಿರಲಿಲ್ಲ, ಒಣಗಿಸಲು ತಾರಸಿ ಬಿಟ್ಟರೆ ಬೇರೆ ಜಾಗವಿರಲಿಲ್ಲ.

"ಒಂದು ಮೂಲೆ ಸಾಕು ಕಣೇ! ಇದೆ ಅಂತಾನೇ ಗೊತ್ತಾಗಲ್ಲ ನಿನಗೆ!"

ಈ ಮೆಕ್ಯಾನಿಕ್ ಕೈಗುಣ ಸಾಮಾನ್ಯದ್ದಲ್ಲ. ಸುತ್ತಲಿನ ಕಟ್ಟಡಗಳ ಕೆಮ್ಮುವ, ಕುಂಟುವ ಪಂಪುಗಳೆಲ್ಲ ಅವನ ಸ್ಪ್ಯಾನರ್ ಕಂಡರೆ ಸರಿಹೋಗುತ್ತಿದ್ದವು. ಅವನ ಶಾಸ್ತ್ರದ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಕಾಯಿಲೆ. ಒಂದು ಲೀಕು, ಇನ್ನೊಂದು ಬ್ಲಾಕು. ಅತ್ತೆಯ ಶಾಸ್ತ್ರ ಇನ್ನೂ ಚಿಕ್ಕದು. ಅದರಲ್ಲಿ ಒಂದೇ ಕಾಯಿಲೆ: ಹೊಟ್ಟೆ. ತಲೆನೋವಿಗೂ ಹೊಟ್ಟೆಯೇ ಕಾರಣ, ಮಂಡಿನೋವಿಗೂ ಹೊಟ್ಟೆಯೇ ಕಾರಣ, ಪಕ್ಕದ ಮನೆಯವರ ಸಿಡುಕಿಗೂ ಅವರು ಸೋಡಾಪುಡಿ ಶಿಫಾರಸು ಮಾಡಿದ್ದುಂಟು. ಹೀಗಾಗಿ ಅಳಿಯ ಅತ್ತೆ ಇಬ್ಬರೂ ಒಂದೇ ಸೂರಿನಡಿ ಇದ್ದರೂ ಒಂದೇ ಮಾತಿಗೆ ಬಂದದ್ದು ಅಪರೂಪ.

ಡ್ರಮ್ಮು ತಾರಸಿ ಏರಿತು. ದೊಡ್ಡ ಡ್ರಮ್ಮಿನ ತುಂಬ ಸಗಣಿ ಬಗ್ಗಡ, ಅದರೊಳಗೆ ಬೋರಲು ಹಾಕಿದ ಸಣ್ಣ ಡ್ರಮ್ಮು. ಒಳಗೆ ಗ್ಯಾಸು ತುಂಬಿದಂತೆ ಸಣ್ಣ ಡ್ರಮ್ಮು ಮೇಲೇಳಬೇಕು. ಅಲ್ಲಿಂದ ಪೈಪೊಂದು ಗೋಡೆ ಹಿಡಿದು ಇಳಿದು, ಅಡುಗೆಮನೆ ಕಿಟಕಿಯಲ್ಲಿ ತೂರಿ, ಒಂಟಿ ಒಲೆಯೊಂದಕ್ಕೆ ಬಂದು ಸೇರಿತು. ಮೆಕ್ಯಾನಿಕ್ ಅದರ ಮುಂದೆ ಎದೆಯುಬ್ಬಿಸಿ ನಿಂತ.

ಮೊದಲನೇ ದಿನವೇ ಆಘಾತ ಕಾದಿತ್ತು. ಆ ಮನೆಯಲ್ಲಿ ಕಸವೇ ಇರಲಿಲ್ಲ! ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆದರೆ ಅದರಾಚೆಗಿನ ಬೆಳಕು ಕಾಣುತ್ತಿತ್ತು. ಅನ್ನ ಮಿಗುತ್ತಿರಲಿಲ್ಲ, ಮಿಕ್ಕರೂ ಬೆಳಗ್ಗೆ ವೇಷ ಬದಲಿಸಿ ತಟ್ಟೆಗೇ ಬರುತ್ತಿತ್ತು.

"ಸಿಪ್ಪೆ ಸ್ವಲ್ಪ ದಪ್ಪ ತೆಗಿಯೇ!" ಮೆಕ್ಯಾನಿಕ್ ಹೆಂಡತಿಯ ಬೆನ್ನ ಹಿಂದೆ ನಿಂತು ಗೋಗರೆದ.

"ಆಲೂಗಡ್ಡೆ ನಮಗಾ, ಡ್ರಮ್ಮಿಗಾ?"

ಒಂದು ಸಂಜೆ ಅವಳು ಗಿರಾಕಿಯ ಮನೆಯಿಂದ ಬಂದು ನೋಡಿದರೆ ಗಂಡ ಸಿಲಿಂಡರ್ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಅನ್ನ ಬೇಯಿಸುತ್ತಿದ್ದಾನೆ.

"ಅಯ್ಯೋ, ಯಾರು ಬರ್ತಿದಾರೆ ಊಟಕ್ಕೆ?"

"ಯಾರೂ ಇಲ್ಲ. ಇದು ಮೇಲಿನದಕ್ಕೆ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರೆ, ಗ್ಯಾಸ್ ಮಾಡೋಕೆ ಅನ್ನ, ಅನ್ನ ಮಾಡೋಕೆ ಗ್ಯಾಸ್. ಭಲೇ! ಇದಕ್ಕಿಂತ ಸಿಲಿಂಡರ್‌ನೇ ತಾರಸಿಗೆ ಹೊತ್ಕೊಂಡು ಹೋಗಿ ಆ ಡ್ರಮ್ಮಿಗೆ ಸಿಕ್ಕಿಸಬಹುದಿತ್ತಲ್ರೀ!"

ಮಾತು ನಾಟಿತು, ಆದರೆ ಹಠ ಅಲ್ಲಾಡಲಿಲ್ಲ. ಮರುದಿನವೇ ಮೆಕ್ಯಾನಿಕ್ ತನ್ನ ಅಂಗಡಿ ಪಕ್ಕದ ಕ್ಯಾಂಟೀನಿಗೆ ಬಕೆಟ್ ಹಿಡಿದು ನುಗ್ಗಿದ. ಮಿಕ್ಕ ಅನ್ನ, ಒಣ ಬ್ರೆಡ್ಡು, ಕೊಳೆತ ಟೊಮೇಟೊ ಎಲ್ಲ ಬಾಚಿ ತಂದ. ರುಬ್ಬಲು ಹಳೇ ಪಂಪಿನ ಮೋಟರಿಗೆ ಬ್ಲೇಡು ಕಟ್ಟಿ ಒಂದು ಯಂತ್ರವನ್ನೂ ಸೃಷ್ಟಿಸಿದ. ಅದು ಚೆನ್ನಾಗಿಯೇ ರುಬ್ಬಿತು. ರುಬ್ಬಿದ್ದರಲ್ಲಿ ಅರ್ಧ ಡ್ರಮ್ಮಿಗೆ ಹೋಯಿತು, ಇನ್ನರ್ಧ ತಂತಿಯ ಮೇಲೆ ಒಣಗುತ್ತಿದ್ದ ಕೆನೆಬಣ್ಣದ ಪರದೆಗೆ ಹೋಯಿತು!

"ಇದನ್ನ ಹೊಟ್ಟೆಗೆ ಹಾಕ್ಕೋ ಕಣೇ," ಎಂದು ಅವನು ಕೈಮುಗಿದ.

"ಬೇಡಪ್ಪ, ಡ್ರಮ್ಮಿನ ಹೊಟ್ಟೆಗೇ ಹಾಕಿ!" ಅಂದು ಹೆಂಡತಿ ಪರದೆಯನ್ನು ಮತ್ತೆ ಒಗೆಯಲು ಹೊರಟಳು.

ಹಾಕಿದ. ಬೆಳಗ್ಗೆ ಒಂದು ಬಕೆಟ್ಟು ತಾನೇ ಸುರಿದು, ಇನ್ನೊಂದನ್ನು ರುಬ್ಬಿಟ್ಟು, "ಅತ್ತೆ, ಇದು ಮಧ್ಯಾಹ್ನದ್ದು, ಮರೀಬೇಡಿ" ಎಂದು ಹೇಳಿ ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದು ಮತ್ತೊಂದು ಸುರಿಯುತ್ತಿದ್ದ. ಹೆಚ್ಚು ತಿಂದಷ್ಟೂ ಹೆಚ್ಚು ಗ್ಯಾಸು ಎಂಬುದು ಅವನ ಲೆಕ್ಕ. ಡ್ರಮ್ಮು ತಿಂದಿತು, ತಿಂದಿತು, ತಿನ್ನುತ್ತಲೇ ಇತ್ತು. ಆದರೆ ಒಳಗಿನ ಸಣ್ಣ ಡ್ರಮ್ಮು ಜಪ್ಪಯ್ಯ ಅಂದರೂ ಏಳಲಿಲ್ಲ. ಒಲೆಗೆ ಕಡ್ಡಿ ಗೀರಿದರೆ ಕಡ್ಡಿಯೊಂದೇ ಉರಿಯುತ್ತಿತ್ತು.

ಎದ್ದದ್ದು ವಾಸನೆ! ಹುಳಿ ಹುಳಿಯಾದ, ಮೂಗಿಗೆ ಹೊಕ್ಕರೆ ಕಣ್ಣಲ್ಲಿ ಹೊರಡುವಂಥ ವಾಸನೆ. ಅದು ತಾರಸಿಯ ಪರದೆಗಳಿಗೆ ಹತ್ತಿತು. ಪರದೆಗಳ ಜೊತೆ ಹಲ್ಲಿನ ಡಾಕ್ಟರ ಮನೆಗೆ ಹೋಯಿತು. ಡಾಕ್ಟರ ಹೆಂಡತಿ ಪರದೆಗಳನ್ನು ಮಡಚಿ ವಾಪಸು ಕಳಿಸಿ, ಬಾಯಿ ವಾಸನೆಯಾದರೆ ತಮ್ಮ ಯಜಮಾನರು ನೋಡುತ್ತಾರೆ, ಇದು ಅವರ ಕೈಲಾಗುವ ಕೆಲಸವಲ್ಲ ಎಂದು ಹೇಳಿಕಳಿಸಿದರು.

ಅಂದು ಹೆಂಡತಿ ಬೈಯಲಿಲ್ಲ. ವಾಪಸು ಬಂದ ಪರದೆಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ಮೂಸಿ ನೋಡಿದಳು. ಆ ಮನೆಯ ಕೆಲಸ ಹಿಡಿಯಲು ಅವಳು ಎಷ್ಟು ಓಡಾಡಿದ್ದಳೆಂದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಅವನಿಗೆ ನಿಜಕ್ಕೂ ಸಂಕಟವಾಯಿತು.

"ನೋಡಿ," ಅವಳು ಕೊನೆಗೆ ಅಂದಳು. "ಭಾನುವಾರ ನನ್ನ ತಮ್ಮ ಬರ್ತಾನೆ. ಅವತ್ತು ನಿಮ್ಮ ಒಲೇಲಿ ಟೀ ಆದ್ರೆ ಡ್ರಮ್ ಇರಲಿ. ಆಗದೇ ಇದ್ರೆ ಅವನ ಕೈಲೇ ಇಳಿಸಿ ಗುಜರಿಗೆ ಕಳಿಸ್ತೀನಿ. ನನಗೆ ನನ್ನ ತಾರಸಿ ಬೇಕು."

"ಆಗತ್ತೆ!" ಮೆಕ್ಯಾನಿಕ್ ರೆಂಚ್ ಎತ್ತಿದ. "ಎಲ್ಲೋ ಲೀಕ್ ಇದೆ. ನಾನು ಅದನ್ನ ಹಿಡಿದೇ ಹಿಡೀತೀನಿ!"

ಶುರುವಾಯಿತು ಲೀಕಿನ ಬೇಟೆ. ಪೈಪಿನ ಉದ್ದಕ್ಕೂ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಏಳಲಿಲ್ಲ. ಎಲ್ಲ ಜಾಯಿಂಟುಗಳನ್ನೂ ಬಿಚ್ಚಿದ, ಟೇಪು ಸುತ್ತಿದ, ಬಿಗಿದ. ವಾಲ್ವ್ ಬದಲಿಸಿದ. ಅಂಗಡಿಯ ಮುಂದೆ ಪಂಪುಗಳು ಸಾಲುಗಟ್ಟಿ ಕೂತವು, ಗಿರಾಕಿಗಳು ತಾರಸಿಗೇ ಹತ್ತಿ ಬಂದು ಮೂಗು ಮುಚ್ಚಿಕೊಂಡು ಇಳಿದು ಹೋದರು.

ಅತ್ತೆ ಒಮ್ಮೆ ಮೆಟ್ಟಿಲು ಹತ್ತಿ ಬಂದರು. ಡ್ರಮ್ಮಿನ ಬಳಿ ನಿಂತು ಮೂಸಿದರು. ಅದಕ್ಕೆ ಕಿವಿಯಾನಿಸಿ ಆಲಿಸಿದರು. ಕೊನೆಗೆ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ ನೋಡಿದರು.

"ಅಳಿಯಂದ್ರೇ, ಇದಕ್ಕೆ ಅಜೀರ್ಣ ಆಗಿದೆ."

"ಅತ್ತೆ, ಅದು ಡ್ರಮ್ಮು!"

"ಆಗಿರಲಿ, ತಿನ್ನೋದು ಅನ್ನ ತಾನೆ? ಹುಳಿತೇಗು ವಾಸನೆ ಬರ್ತಿದೆ ನೋಡಿ. ಪಾಪ, ಹೊಟ್ಟೆ ಕೆಟ್ಟಿರೋದಕ್ಕೆ ದಿನಾ ಮೂರು ಹೊತ್ತು ತುರುಕ್ತಿದ್ದೀರಿ. ನಾಲ್ಕು ದಿನ ಉಪವಾಸ ಹಾಕಿ, ಒಂದಿಷ್ಟು ಸೋಡಾಪುಡಿ ಕೊಡಿ."

"ಸೋಡಾಪುಡಿ ಗ್ಯಾಸ್ ಹೋಗೋಕೆ ಅತ್ತೆ! ನನಗೆ ಬೇಕಿರೋದು ಗ್ಯಾಸ್ ಬರೋದು!" ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಮೆಕ್ಯಾನಿಕಲ್ ವಿಷಯ. ನೀವು ಕೆಳಗೆ ಹೋಗಿ, ಬಿಸಿಲಿದೆ."

ಅತ್ತೆ ಮಾತಾಡದೆ ಇಳಿದುಹೋದರು. ಅವರು ಮಾತಾಡದೆ ಹೋದರೆ ಏನರ್ಥ ಎಂದು ಮಗಳಿಗೆ ಗೊತ್ತಿತ್ತು. ಅಳಿಯನಿಗೆ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಆ ಸಂಜೆ ತಾರಸಿಯಿಂದ ಇಳಿದು ಬಂದವನಿಂದ ಅತ್ತೆಯೇ ಸಂಜೆಯ ಬಕೆಟ್ಟಿನ ಹೊಣೆಯನ್ನೂ ಕೇಳಿ ಪಡೆದರು, ಬೆಳಗಿನದನ್ನೂ ಪಡೆದರು. "ನೀವು ಲೀಕ್ ನೋಡ್ಕೊಳ್ಳಿ, ಊಟ ನಾನು ನೋಡ್ಕೋತೀನಿ" ಎಂದರು. ಅತ್ತೆಗೂ ಕೊನೆಗೆ ವಿಜ್ಞಾನದ ರುಚಿ ಹತ್ತಿತಲ್ಲ ಎಂದು ಮೆಕ್ಯಾನಿಕ್ ಬೀಗಿದ.

ಭಾನುವಾರ ಬಂತು. ಬೆಳಗ್ಗೆ ತಾರಸಿಗೆ ಹತ್ತಿದ ಮೆಕ್ಯಾನಿಕ್ ಅಲ್ಲೇ ಕಂಬವಾದ. ಸಣ್ಣ ಡ್ರಮ್ಮು ಮೊಳದಷ್ಟು ಎದ್ದು ನಿಂತಿತ್ತು! ಹುಳಿ ವಾಸನೆ ಮಂಗಮಾಯ! ಅವನು ಮೆಟ್ಟಿಲನ್ನು ಬಿಟ್ಟು ಬಿಟ್ಟು ಹಾರುತ್ತ ಇಳಿದು ಬಂದ.

ಭಾವಮೈದ ಬಂದು ಕೂತ. ಮೆಕ್ಯಾನಿಕ್ ಎಲ್ಲರನ್ನೂ ಅಡುಗೆಮನೆಗೆ ಕರೆದ. ಕಡ್ಡಿ ಗೀರಿದ. ಒಲೆ 'ಭುಸ್' ಎಂದಿತು, ನೀಲಿ ಉರಿ ಸುತ್ತಲೂ ಅರಳಿತು! ಹೆಂಡತಿಯ ಮುಖವೂ ಅರಳಿತು. ಅದನ್ನು ಕಂಡು ಮೆಕ್ಯಾನಿಕ್‌ಗೆ ಕಣ್ಣು ಒದ್ದೆಯಾಯಿತು. ಟೀ ಕುದಿಯಿತು, ಸೋಸಿದ್ದೂ ಆಯಿತು. ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಸುಮ್ಮನಿರಲು ಅವನ ಬಾಯಿ ಕೇಳಬೇಕಲ್ಲ.

"ಭಾವ, ಹೇಗೆ ಸರಿ ಮಾಡಿದ್ರಿ?" ಎಂದು ಭಾವಮೈದ ಕೇಳಿದ್ದೇ ತಡ, ಭಾಷಣ ಹೊರಟಿತು. ಸೂಕ್ಷ್ಮಾತಿಸೂಕ್ಷ್ಮ ಲೀಕು! ಬರಿಗಣ್ಣಿಗೆ ಕಾಣದ್ದು! ಬೇರೆ ಯಾವ ಮೆಕ್ಯಾನಿಕ್ಕಿಗೂ ಸಿಕ್ಕುತ್ತಿರಲಿಲ್ಲ! ಟೀ ಆರಿತು, ಲೀಕು ನಿಲ್ಲಲಿಲ್ಲ.

"ಅಮ್ಮ," ಹೆಂಡತಿ ತಣ್ಣಗೆ ಕೇಳಿದಳು, "ಬಕೆಟ್ಟಿನದೆಲ್ಲ ಏನು ಮಾಡಿದೆ?"

"ಅವತ್ತಿಂದ ಒಂದು ತೊಟ್ಟೂ ಹಾಕಿಲ್ಲಮ್ಮ," ಎಂದರು ಅತ್ತೆ. "ಹಿತ್ತಲ ಗುಂಡೀಲಿ ಒಣಗಿದೆಲೆ ಜೊತೆ ಮುಚ್ಚಿದ್ದೀನಿ, ಗೊಬ್ಬರ ಆಗತ್ತೆ. ಡ್ರಮ್ಮಿಗೆ ಬರೀ ಸೋಡಾಪುಡಿ, ಬೆಚ್ಚಗಿನ ನೀರಲ್ಲಿ, ಡಬ್ಬಿಗಟ್ಟಲೆ. ಪಾಪ, ಈಗ ಹುಳಿ ಇಳಿದು ಹೊಟ್ಟೆ ಹಗುರ ಆಗಿದೆ ಅದಕ್ಕೆ."

ಮೆಕ್ಯಾನಿಕ್ ಮುಖ ಹುಳ್ಳಗಾಯಿತು. "ಹಾಗಾದ್ರೆ... ನಾನು ಬಿಗಿ ಮಾಡಿದ ಜಾಯಿಂಟುಗಳು?"

"ಅವು ಚೆನ್ನಾಗಿವೆ ಅಳಿಯಂದ್ರೇ, ಮೊದಲೂ ಚೆನ್ನಾಗೇ ಇದ್ದವು," ಎನ್ನುತ್ತ ಅತ್ತೆ ಲೋಟವೊಂದನ್ನು ಮುಂದೆ ಹಿಡಿದರು. ಅದರಲ್ಲಿ ಸೋಡಾಪುಡಿ ಕದಡಿದ ಬಿಳಿ ನೀರು ಬುಸುಗುಟ್ಟುತ್ತಿತ್ತು. "ತಗೊಳ್ಳಿ. ಆಗಿಂದ ನೀವು ಬಿಡ್ತಿರೋ ಗ್ಯಾಸ್ ನೋಡಿದ್ರೆ ಅದಕ್ಕಿಂತ ನಿಮಗೇ ಇದು ಜಾಸ್ತಿ ಬೇಕು ಅನ್ಸತ್ತೆ."

ಡ್ರಮ್ಮಿನ ಡಾಕ್ಟರು ಈಗ ಅತ್ತೆಯೇ; ಅದು ಉಳಿಯಬೇಕೆಂದರೆ ಅವರ ಮಾತು ಕೇಳದೆ ಬೇರೆ ದಾರಿಯಿರಲಿಲ್ಲ. ಮೆಕ್ಯಾನಿಕ್ ಕಣ್ಣು ಮುಚ್ಚಿ, ಒಂದೇ ಉಸಿರಿಗೆ, ತಳದ ತನಕ ಕುಡಿದ. ಲೋಟ ಕೆಳಗಿಟ್ಟ. ಬಾಯಿ ಒರೆಸಿಕೊಂಡ. ಆಮೇಲೆ ಅವನ ಒಳಗಿನಿಂದ ಪಾತ್ರೆಗಳು ಅದುರುವಂಥ ತೇಗೊಂದು ಹೊರಟಿತು.

"ರೀ!" ಹೆಂಡತಿ ಚಪ್ಪಾಳೆ ತಟ್ಟಿದಳು. "ಅಂತೂ ಲೀಕ್ ಸಿಕ್ತು!"