ಹಾಫ್ ವಾಲಿಯೂ ಅರಳು ಸಂಡಿಗೆಯೂ

ನನಗೆ ಮೈಸೂರು ಪಾಕು ಕೈಹತ್ತಿಲ್ಲ, ರಂಗೋಲಿಯ ಎಳೆ ನೇರ ಬರುವುದಿಲ್ಲ. ಆದರೆ ಹಾಫ್ ವಾಲಿ ಹೊಡೆಯುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಯಾರೂ ಹೇಳುವುದಿಲ್ಲ. ಕಾನ್ವೆಂಟಿನಲ್ಲಿ ಟೆನಿಸ್ ಕಲಿಸಿದ ಸಿಸ್ಟರ್ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಆಡಿ ತೋರಿಸುತ್ತಿದ್ದರು: ಚೆಂಡು ನೆಲಕ್ಕೆ ತಾಗಿ ಮೇಲೇಳುತ್ತದಲ್ಲ, ಆಗಲೇ ಹೊಡೆಯಬೇಕು. ಹಾಲು ಉಕ್ಕುವಾಗ ಒಲೆ ಆರಿಸುವುದೂ ಇದೇ ವಿದ್ಯೆ. ಹಾಲಿನ ವಿಷಯದಲ್ಲಿ ನಾನಿನ್ನೂ ಕಲಿಯುತ್ತಿದ್ದೇನೆ.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್. ಆಡುವವರೆಲ್ಲ ಹೊಟ್ಟೆ ಬಂದ ಗಂಡಸರು. ನಾಯಕ ನನ್ನ ಮೈದುನ ಶಿವು, ಹನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವನು. ವಿಕೆಟ್ ಇರುವುದು ನಮ್ಮ ಗೇಟಿನ ಎದುರು. ಗೇಟಿನ ಒಳಗೆ ಹಳೇ ಪಂಚೆಯ ಮೇಲೆ ಅರಳು ಸಂಡಿಗೆ, ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದ ನಮ್ಮತ್ತೆ. ಒಂದು ಭಾನುವಾರ ಚೆಂಡು ಬಂದು ಹಸಿ ಸಂಡಿಗೆಯ ನಡುವೆ ಬಿದ್ದು ಉರುಳಾಡಿತು.

“ತಾರಸಿ ಮ್ಯಾಲೆ ಒಣಾಕಿ ಅತ್ಗೆ,” ಎಂದ ಶಿವು.

“ನಿಮ್ಮವ್ವಂಗೆ ಮೆಟ್ಲು ಹತ್ತೋಕಾಗುತ್ತೇನಪ್ಪ?”

“ಅವ್ವ ಒಳಗ್ ಕುಂತು ಟೀವಿ ನೋಡ್ಲಿ ಬುಡಿ.”

ಅತ್ತೆ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮಂಡಿ ನೋವು ಬಂದ ಮೇಲೆ ಮನೆಯಲ್ಲಿ ಅವರದೇ ಎಂದು ಉಳಿದಿರುವ ಕೆಲಸ ಅದೊಂದೇ. ನಾನು ನೆರಿಗೆ ಸಿಕ್ಕಿಸಿ ಹೊರಗೆ ಬಂದು ಬ್ಯಾಟು ಕೇಳಿದೆ. “ಎರಡು ಬಾಲ್ ಹಾಕು. ನಿನ್ನ ತಲೆ ಮೇಲೆ ಹೊಡೆದರೆ ವಿಕೆಟ್ ಬೀದಿಯ ಆ ತುದಿಗೆ. ಇಲ್ಲದಿದ್ದರೆ ಸಂಡಿಗೆ ತಾರಸಿಗೆ.”

ಮೊದಲನೆಯದು ಸೆರಗಿನ ಪಕ್ಕದಲ್ಲೇ ಹೋಯಿತು. “ಸೀರೆ ಜೋಪಾನ ಕಣೇ,” ಎಂದರು ನಮ್ಮನೆಯವರು, ಎದುರು ತಂಡದ ಫೀಲ್ಡರು. ಎರಡನೆಯದನ್ನು ಶಿವು ತುಸು ಮುಂದಕ್ಕೆ ಹಾಕಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಚೆಂಡು ನೆಲ ಬಿಟ್ಟು ಏಳುತ್ತಿದ್ದ ಹಾಗೇ ಬ್ಯಾಟಿಗೆ ಸಿಕ್ಕಿತು, ಅವನ ತಲೆಯ ಮೇಲೆ ಹಾರಿ ಬೀದಿಯ ಆ ತುದಿಯ ನೀರಿನ ಟ್ಯಾಂಕಿನ ಬುಡಕ್ಕೆ ಹೋಗಿ ಬಿತ್ತು.

“ಎತ್ಕಂಡ್ ಓಗ್ರಲಾ ನಿಮ್ ಕಡ್ಡಿಗಳ್ನ,” ಎಂದರು ಅತ್ತೆ, ಕೋಲಿನಿಂದಲೇ ದಾರಿ ತೋರಿಸುತ್ತ.

ಮುಂದಿನ ಭಾನುವಾರ ಗೇಟಿನ ಮುಂದೆ ಮಹಾ ಶಾಂತಿ. ಅತ್ತೆ ಕತ್ತು ಉದ್ದ ಮಾಡಿ ಕೂತಿದ್ದರು. ನಾನೂ ಒಗ್ಗರಣೆ ಬಿಟ್ಟು ಎರಡು ಸಲ ಬಂದು ಇಣುಕಿದೆ. ಕೊನೆಗೆ ಅವರೇ, “ಇಲ್ಲಿ ಬಿಸ್ಲೇ ಸರಿಯಾಗಿ ಬೀಳಾಕಿಲ್ಲ ಕಣವ್ವ,” ಎಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ತಲೆಯಾಡಿಸಿ ಸಂಡಿಗೆಯ ಪಂಚೆಯನ್ನು ಎತ್ತಿಕೊಂಡೆ.

ಈಗ ನಮ್ಮ ಸಂಡಿಗೆ ಟ್ಯಾಂಕಿನ ಪಕ್ಕದಲ್ಲಿ ಒಣಗುತ್ತದೆ, ಶಿವುವಿನ ತಂಡದಲ್ಲಿ ನಾನು ಮೂರನೆಯ ಬ್ಯಾಟ್ಸ್‌ಮನ್. ಅಲ್ಲಿಗೆ ಹೋದ ಮೇಲೆ ಸಂಡಿಗೆಯ ಮೇಲೆ ಚೆಂಡು ಬಿದ್ದದ್ದು ಒಂದೇ ಸಲ. ಹೊಡೆತ ಮಾತ್ರ ಅಪ್ಪಟ ಹಾಫ್ ವಾಲಿ, ಆ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಅತ್ತೆ ಎರಡು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ.