ನಲವತ್ತು ವ್ಯಾಟಿನ ಗಂಡ

"ಇನ್ನು ಮುಂದೆ ಹೆಸರು ಕೆತ್ತಿಸೋಕೆ ಈ ಮನೆಯವರು ಯಾವ ಅಂಗಡಿ ಮೆಟ್ಟಿಲೂ ಹತ್ತಬೇಕಾಗಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಇಷ್ಟು ವರ್ಷದಲ್ಲಿ ಎಷ್ಟು ಸಲ ಹತ್ತಿದ್ದೀವಿ?" ಎಂದಳು.

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ನನ್ನ ಮೇಜಿನ ಮೇಲೆ ಲೇಸರ್ ಕೆತ್ತನೆ ಯಂತ್ರ ಆಗಲೇ ವಿರಾಜಮಾನವಾಗಿತ್ತು. ಡಬ್ಬದ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಬರೆದಿತ್ತು: ನಲವತ್ತು ವ್ಯಾಟ್!

ನನ್ನ ಗ್ರಹಚಾರಕ್ಕೆ ಅದೇ ವಾರ ಹೆಂಡತಿ ಕೆಲಸ ಮಾಡುವ ಲೈಬ್ರರಿಯ ಮುಖ್ಯಸ್ಥೆ ನಿವೃತ್ತರಾಗುವವರಿದ್ದರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ಮೂವತ್ತು ವರ್ಷ ಬರೀ "ಶ್!" ಎಂಬ ಒಂದೇ ಅಸ್ತ್ರದಿಂದ ಇಡೀ ಲೈಬ್ರರಿಯನ್ನು ಆಳಿದವರು. ಅವರು ಬಳಸುತ್ತಿದ್ದ ಹಳೆಯ ಮೇಜು ಮುರಿದಾಗ ಅದರಿಂದ ಒಂದೇ ಒಂದು ಒಳ್ಳೆಯ ಹಲಗೆ ಉಳಿದಿತ್ತು. ಅದರ ಮೇಲೆ ಎರಡು ಸಾಲು ಕೆತ್ತಿಸಿ ಕೊಡಬೇಕೆಂದು ಸಿಬ್ಬಂದಿ ತೀರ್ಮಾನಿಸಿದರು. ನಾನು ಅವರೆಲ್ಲರ ಎದುರು ಎದೆ ತಟ್ಟಿಕೊಂಡು "ನಾನಿದ್ದೀನಲ್ಲ!" ಎಂದುಬಿಟ್ಟೆ.

ಸಮಾರಂಭದ ದಿನ ಮಧ್ಯಾಹ್ನ ಹೆಂಡತಿ ಆ ಹಲಗೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದಳು.

"ರೀ, ಇಂಥದು ಇನ್ನೊಂದಿಲ್ಲ. ಇದೇನಾದ್ರೂ ಹಾಳಾದ್ರೆ ನಾನು ಅವರಿಗೆ ಮುಖ ತೋರಿಸೋ ಹಾಗಿಲ್ಲ. ಐದು ಗಂಟೆಗೆ ಸಭೆ."

"ನಲವತ್ತು ವ್ಯಾಟ್ ಕಣೇ! ಹತ್ತು ನಿಮಿಷದ ಕೆಲಸ!"

ಮೊದಲು ಒಂದು ಚೂರು ಹಲಗೆಯ ಮೇಲೆ ಪರೀಕ್ಷೆ ಮಾಡಿದೆ. ಬಂದದ್ದು ಪೆನ್ಸಿಲ್ಲಿನಲ್ಲಿ ಅಂಜಿ ಅಂಜಿ ಎಳೆದಂಥ ಒಂದು ಗೆರೆ. ನಲವತ್ತು ವ್ಯಾಟಿಗೆ ಇಷ್ಟೇನಾ? ಯಾರೋ ನನ್ನ ವ್ಯಾಟುಗಳನ್ನು ಕದಿಯುತ್ತಿದ್ದಾರೆ! ಯಂತ್ರವನ್ನೆಲ್ಲಾ ತಡಕಿದೆ. ಸಿಕ್ಕಿಬಿದ್ದ ಕಳ್ಳ! ಲೇಸರಿನ ನೆತ್ತಿಯ ಮೇಲೆ ಪುಟ್ಟ ಫ್ಯಾನೊಂದು ಗಿರ್ರೆಂದು ತಿರುಗುತ್ತ ಬಿಟ್ಟಿ ಕರೆಂಟು ತಿನ್ನುತ್ತಿತ್ತು. ಅದರ ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಲೇಸರಿನ ಬಲ ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ರಕ್ಷಣೆಯ ಹಸಿರು ಕನ್ನಡಕ ಏರಿಸಿಕೊಂಡು, ದೊಡ್ಡಕ್ಕನ ಹಲಗೆಯನ್ನೇ ಇಟ್ಟುಬಿಟ್ಟೆ.

'ಮೂವತ್ತು ವರ್ಷ ನಮ್ಮನ್ನು ಓದಿಸಿದ' ಎಂಬ ಮೊದಲ ಸಾಲು ಕಡುಗಪ್ಪಾಗಿ, ಆಳವಾಗಿ ಬಂತು. ನಾನು ಸಿಳ್ಳೆ ಹಾಕಿದೆ. ಎರಡನೆಯ ಸಾಲಿನಲ್ಲಿ 'ದೊಡ್ಡ' ಎಂಬಷ್ಟರಲ್ಲಿ ಕಪ್ಪು ಕಂದಾಯಿತು, ಕಂದು ಮಸುಕಾಯಿತು, ಮಸುಕೂ ಮಾಯವಾಯಿತು. ಯಂತ್ರ ಮಾತ್ರ ಅತ್ತಿಂದಿತ್ತ ಓಡಾಡುತ್ತಲೇ ಇತ್ತು. ಲೇಸರಿನ ತಲೆ ಮುಟ್ಟಿ ನೋಡಿದವನು "ಅಯ್ಯಪ್ಪಾ!" ಎಂದು ಬೆರಳು ಬಾಯಿಗಿಟ್ಟುಕೊಂಡೆ.

ಹೆಂಡತಿ ಓಡಿಬಂದು ಹಲಗೆ ನೋಡಿದಳು. ಮುಖ ಬಿಳುಚಿಕೊಂಡಿತು.

"ನಮ್ಮನ್ನು ಓದಿಸಿದ ದೊಡ್ಡ... ದೊಡ್ಡ ಏನ್ರೀ? ಮುಂದಿಂದು ಎಲ್ಲಿ?"

"ಬರುತ್ತೆ... ಸ್ವಲ್ಪ ತಡಿ..."

ಗಡಿಯಾರ ನೋಡಿದೆ. ಮೂರೂ ಐವತ್ತು. ಬೆವರು ಹಲಗೆಯ ಮೇಲೆ ಬೀಳದಿರಲೆಂದು ಹಿಂದೆ ಸರಿದು ನಿಂತೆ. ನನ್ನ ಜಂಬಕ್ಕೆ ಇವಳ ಮರ್ಯಾದೆ ಬಲಿಯಾಯಿತಲ್ಲ!

ನಾನು ಕಸದ ಬುಟ್ಟಿಗೆ ಎಸೆದಿದ್ದ ಯಂತ್ರದ ಕೈಪಿಡಿಯನ್ನು ಅವಳು ಹೆಕ್ಕಿ ತಂದಳು. ಪುಸ್ತಕ ಓದುವವರ ನಡುವೆ ಬದುಕುವವಳಲ್ಲವೇ!

"ನಲವತ್ತು ವ್ಯಾಟ್ ಅಂದ್ರೆ ಇದು ಒಳಗೆ ಎಳ್ಕೊಳ್ಳೋ ಕರೆಂಟಂತೆ. ಬೆಳಕಾಗಿ ಹೊರಗೆ ಬರೋದು ಬರೀ ಹತ್ತು."

"ಮಿಕ್ಕ ಮೂವತ್ತು?"

"ಬಿಸಿ! ಅದನ್ನ ಹೊರಗೆ ಹಾಕೋಕೇ ಫ್ಯಾನ್ ಇರೋದಂತೆ. ಬಿಸಿ ಏರಿದಷ್ಟೂ ಲೇಸರ್ ಬೆಳಕು ಹೊರಡಿಸೋ ಡಯೋಡಿನ ದಕ್ಷತೆ ಇಳಿಯುತ್ತಂತೆ, ಜಾಸ್ತಿಯಾದ್ರೆ ಸತ್ತೇಹೋಗುತ್ತಂತೆ. ಫ್ಯಾನ್ ಯಾಕ್ರೀ ತಿರುಗ್ತಿಲ್ಲ?"

ನಾನು ಮೆಲ್ಲಗೆ ಜೇಬಿನಿಂದ ವೈರು ತೆಗೆದು ತೋರಿಸಿದೆ.

ಅವಳು ಒಮ್ಮೆ ವೈರನ್ನೂ ಒಮ್ಮೆ ನನ್ನನ್ನೂ ನೋಡಿದಳು. "ನಿಮ್ಮ ಜಾತಕಾನೇ ಇಲ್ಲಿ ಅಚ್ಚು ಹಾಕಿದ್ದಾರೆ. ಎಳ್ಕೊಳ್ಳೋದು ನಲವತ್ತು, ಕೆಲಸ ಹತ್ತು, ಮಿಕ್ಕಿದ್ದೆಲ್ಲಾ ತಲೆಬಿಸಿ!"

ಫ್ಯಾನು ಮತ್ತೆ ಜೋಡಿಸಿದೆ. ಅದೇನೋ ತಿರುಗಿತು, ಲೇಸರ್ ಮಾತ್ರ ಕಣ್ಣು ಬಿಡಲಿಲ್ಲ. ಅವಳು ಎದ್ದು ಹೋಗಿ, ಹಿಂದೊಮ್ಮೆ ರೇಡಿಯೋ ರಿಪೇರಿ ಮಾಡುತ್ತೇನೆಂದು ನಾನು ತಂದು ಮೂಲೆಗೆಸೆದಿದ್ದ ಬೆಸುಗೆ ಕಡ್ಡಿಯನ್ನು ತಂದಳು.

"ಅದು ಬರೀ ಇಪ್ಪತ್ತೈದು ವ್ಯಾಟ್ ಕಣೇ!"

"ಇದಕ್ಕೆ ಬಿಸಿಯಾಗೋದೇ ಕೆಲಸ. ನೀವು ಹಲಗೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ, ಸಾಕು."

ಕಾದ ತುದಿಯಿಂದ ಅವಳು 'ಕ್ಕನಿಗೆ ಪ್ರೀತಿಯಿಂದ' ಎಂದು ಒಂದೊಂದೇ ಅಕ್ಷರವನ್ನು ಉಸಿರು ಬಿಗಿಹಿಡಿದು ಸುಟ್ಟು ಬರೆದಳು. ಅಕ್ಷರಗಳು ಸೊಟ್ಟ ಸೊಟ್ಟ. ನಾನು ಹೊಗೆಗೆ ಕೆಮ್ಮದೆ, ಅಲ್ಲಾಡದೆ ಹಲಗೆ ಹಿಡಿದಿದ್ದೆ. ಐದಕ್ಕೆ ಎರಡು ನಿಮಿಷವಿರುವಾಗ ಏದುಸಿರು ಬಿಡುತ್ತಾ ಸಭೆಗೆ ಸೇರಿದೆವು.

ದೊಡ್ಡಕ್ಕ ಹಲಗೆಯನ್ನು ಕೈಗೆತ್ತಿಕೊಂಡರು. ಸಭೆಯೆಲ್ಲ ಅವರನ್ನೇ ನೋಡುತ್ತಿತ್ತು. ಅವರ ಬೆರಳು ಮೊದಲ ಸಾಲನ್ನು ದಾಟಿ ಎರಡನೆಯದರ ನಡುವೆ ನಿಂತಿತು.

"ಇಲ್ಲೀವರೆಗೆ ಯಂತ್ರದ್ದು," ಎಂದರು. "ಇಲ್ಲಿಂದ ನಿನ್ನ ಕೈಬರಹ ಅಲ್ವೇನಮ್ಮಾ? ಹದಿನೈದು ವರ್ಷ ಪುಸ್ತಕದ ಚೀಟಿಗಳ ಮೇಲೆ ನೋಡಿಲ್ವಾ ನಾನು!" ಅವರ ಕಣ್ಣು ತುಂಬಿ ಬಂತು. ನನ್ನ ಹೆಂಡತಿಯ ಕಣ್ಣೂ ತುಂಬಿತು.

ಸದ್ಯ, ಬದುಕಿದೆ! ಅಷ್ಟಕ್ಕೇ ಸುಮ್ಮನಿರಬೇಡವೇ ನಾನು? ಗಂಟಲು ಸರಿಪಡಿಸಿಕೊಂಡು ಎದ್ದು ನಿಂತೆ.

"ಮೇಡಂ, ಆ ಬದಲಾವಣೆಗೆ ಒಂದು ವೈಜ್ಞಾನಿಕ ಕಾರಣ ಇದೆ. ಲೇಸರ್ ಡಯೋಡಿನ ದಕ್ಷತೆ ಅಂತ ಏನಿದೆಯಲ್ಲ, ಅದು ನಲವತ್ತು ವ್ಯಾಟಿನಲ್ಲಿ..."

"ಶ್!" ಎಂದರು ದೊಡ್ಡಕ್ಕ.

ನಾನು ಕುಸಿದು ಕುಳಿತೆ. ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕಿವಿಯ ಬಳಿ ಬಗ್ಗಿದಳು.

"ನೋಡಿದ್ರಾ? ದಕ್ಷತೆ ಅಂದ್ರೆ ಅದು. ನಾನು ಹದಿನೆಂಟು ವರ್ಷದಿಂದ ಎಷ್ಟು ವ್ಯಾಟ್ ಸುರಿದ್ರೂ ಆಗದೇ ಇದ್ದದ್ದು, ಅವರ ಒಂದು ಉಸಿರಲ್ಲಿ ಆಯ್ತು!"