ಜಪಾನಿ ಶಾವಿಗೆಗೆ ನಾನು ಕಲಿಸಿದ ಪಾಠ

ಶಾವಿಗೆ ತಿನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಇದನ್ನು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಉಡುಪಿ ಕಡೆಯವನು ನಾನು. ಚಿಕ್ಕಂದಿನಲ್ಲಿ ರಜೆಯ ದಿನಗಳನ್ನೆಲ್ಲ ಶಾವಿಗೆ ಮಣೆಯ ಹಿಡಿಗೆ ಜೋತುಬಿದ್ದೇ ಕಳೆದವನು. ಹೀಗಿರುವಾಗ ನಾನು ಕೆಲಸಕ್ಕಿರುವ ಈ ಕೊಲ್ಲಿ ದೇಶದ ಖೋಬಾರಿನಲ್ಲಿ ಒಂದು ಜಪಾನಿ ಹೋಟೆಲು ತೆರೆದಿದೆಯಂತೆ, ನೂಡಲ್ಸನ್ನೂ ಸಾರನ್ನೂ ಬೇರೆ ಬೇರೆ ಕೊಡುತ್ತಾರಂತೆ, ಅದಕ್ಕೆ ಜನ ಬೀದಿಯವರೆಗೆ ಸಾಲು ನಿಲ್ಲುತ್ತಾರಂತೆ ಎಂದು ಮಗಳು ಹೇಳಿದಾಗ ನನಗೆ ನಗು ಬಂತು. ಬೇರೆ ಬೇರೆ ಕೊಟ್ಟರೆ ಕಲಸಿಕೊಂಡು ತಿನ್ನಬೇಕು. ಇದರಲ್ಲೇನು ಮಹಾ ವಿದ್ಯೆ!

ಮಗಳು ಅನನ್ಯ ಹನ್ನೊಂದನೇ ಕ್ಲಾಸು. ನನ್ನ ಜೊತೆ ಹೊರಗೆ ಬರುವುದನ್ನು ನಿಲ್ಲಿಸಿ ತಿಂಗಳುಗಳೇ ಆಗಿದ್ದವು. ಕಾರಣ ಕ್ಷುಲ್ಲಕ. ಮಾಲಿನ ಐಸ್‌ಕ್ರೀಂ ಅಂಗಡಿಯಲ್ಲಿ ಅಲ್ಲಿದ್ದ ಎಲ್ಲ ಬಗೆಯನ್ನೂ ಚಮಚದಲ್ಲಿ ರುಚಿ ನೋಡಿ, ಕೊನೆಗೆ ನಾನು ಒಂದು ಬಾಟಲಿ ನೀರು ಕೊಂಡಿದ್ದೆ. ಅವಳ ಗೆಳತಿಯರು ಅದನ್ನು ಕಂಡರು. ಅಷ್ಟೇ!

ಈಗ ಅವಳಾಗಿಯೇ ಕರೆದಿದ್ದಳು. ಆದರೆ ಷರತ್ತು ಇತ್ತು.

"ಪಪ್ಪ, ಇದು ಲಾಸ್ಟ್ ಚಾನ್ಸ್. ನಾರ್ಮಲ್ ಆಗಿ ಇರ್ಬೇಕು. ಇಲ್ಲದಿದ್ರೆ ಇನ್ನು ಶುಕ್ರವಾರ ನೀವು, ಮಮ್ಮಿ ಇಬ್ರೇ ಹೋಗಿ."

"ನಾನು ಯಾವಾಗ ನಾರ್ಮಲ್ ಇರಲಿಲ್ಲ?" ಎಂದೆ. ಹೆಂಡತಿ ಶೋಭಾ ಉತ್ತರಿಸಲು ಬಾಯಿ ತೆರೆದಳು. ನಾನು ಬೇಗ ಕಾರಿನ ಕೀ ಹುಡುಕತೊಡಗಿದೆ. ನಿಜ ಹೇಳಬೇಕೆಂದರೆ, ಮಗಳಿಲ್ಲದ ರಜೆಯ ಶುಕ್ರವಾರಗಳು ನನಗೆ ಸಾಕಾಗಿದ್ದವು. ಹನ್ನೆರಡನೇ ಕ್ಲಾಸು ಮುಗಿದರೆ ಕಾಲೇಜಿಗೆಂದು ಊರಿಗೆ ಹೊರಡುವವಳು. ಈ ಅವಕಾಶವನ್ನು ಹಾಳುಮಾಡಿಕೊಳ್ಳಬಾರದೆಂದು ನಮ್ಮ ಮನೆಯಿರುವ ಖತೀಫಿನಿಂದ ಖೋಬಾರಿನವರೆಗೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕಾರು ಓಡಿಸಿದೆ.

ಸಾಲು ಉದ್ದವಿತ್ತು. ನಮ್ಮ ಹಿಂದೆ ನಿಂತಿದ್ದವರು ಕನ್ನಡ ಕೇಳಿ ಮುಖ ಅರಳಿಸಿದರು. ಭಟ್ಕಳದ ಸಾಹೇಬರು, ದಮ್ಮಾಮಿನಲ್ಲಿ ಬಟ್ಟೆ ಅಂಗಡಿ. ಜೊತೆಯಲ್ಲಿ ಊರಿನಿಂದ ಮೊದಲ ಸಲ ಬಂದ ಹೊಸ ಅಳಿಯ. ಅಳಿಯನ ಮೈಮೇಲೆ ಇಲ್ಲಿಯ ಉದ್ದನೆಯ ನಿಲುವಂಗಿ ತೋಬ್, ಹಾಲಿನಷ್ಟು ಬಿಳಿ, ಮಾವನದೇ ಉಡುಗೊರೆ.

"ಅಳಿಯನಿಗೆ ಹೊಸತು ಎಂತಾದ್ರೂ ತಿನ್ನಿಸ್ಬೇಕು ಅಂತ ಕರ್ಕೊಂಡು ಬಂದೆ. ಹೇಗೆ ತಿನ್ನುದು ಅಂತ ನನಗೇ ಗೊತ್ತಿಲ್ಲ. ನಿಮಗೆ ಗೊತ್ತುಂಟಾ ಸರ್?" ಎಂದು ಸಾಹೇಬರು ಪಿಸುದನಿಯಲ್ಲಿ ಕೇಳಿದರು.

"ಎಂತ ಕೇಳ್ತೀರಿ ಸಾಹೇಬ್ರೇ! ಇದು ನಮ್ಮ ಶಾವಿಗೆಯೇ. ಜಪಾನಿಗೆ ಹೋಗಿ ಹೆಸರು ಬದಲಿಸಿಕೊಂಡದ್ದು. ನೀವು ನನ್ನನ್ನು ನೋಡಿ ತಿನ್ನಿ, ಸಾಕು."

"ಹಾಗಾದ್ರೆ ಇವತ್ತು ನೀವೇ ನಮ್ಗೆ ಉಸ್ತಾದ್!"

ಶೋಭಾ ನನ್ನ ಮೊಣಕೈ ಚಿವುಟಿದಳು. ನಾನು ಲೆಕ್ಕಿಸಲಿಲ್ಲ.

ಒಳಗೆ ಅವರಿಗೆ ನಮ್ಮ ಪಕ್ಕದ ಮೇಜೇ ಸಿಕ್ಕಿತು. ಮೇಜಿನ ಮೇಲೊಂದು ಕಾರ್ಡು. ಇದನ್ನು ಹೇಗೆ ತಿನ್ನಬೇಕೆಂದು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಚಿತ್ರಗಳ ಸಮೇತ ವಿವರಣೆ. ನಾನು ಕಂಪನಿಯಲ್ಲಿ ಸೇಫ್ಟಿ ಆಫೀಸರ್. 'ಕೆಲಸಕ್ಕೆ ಕೈಹಾಕುವ ಮೊದಲು ಸೂಚನೆ ಓದಿ' ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುವುದೇ ನನ್ನ ಹೊಟ್ಟೆಪಾಡು. ಆದರೆ ಅದು ಕ್ರೇನಿನ ವಿಷಯ. ಊಟಕ್ಕೂ ಸೂಚನೆಯೇ? ಕಾರ್ಡನ್ನು ಬೋರಲು ಹಾಕಿದೆ. ಪಕ್ಕದ ಮೇಜಿನಲ್ಲಿ ಸಾಹೇಬರೂ ಬೋರಲು ಹಾಕಿದರು.

ನೂಡಲ್ಸ್ ಬಂತು. ಬಿದಿರಿನ ಪುಟ್ಟ ಚಾಪೆಯ ಮೇಲೆ ನುಣ್ಣಗೆ ಮಡಿಸಿಟ್ಟ ದಪ್ಪ ಎಳೆಗಳು, ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ಹೊಗೆಯಾಡುವ ಗಟ್ಟಿ ಸಾರು. ಮೂಸಿದರೆ ನಮ್ಮ ಒಣಮೀನಿನ ಪರಿಮಳ! ಸಂತೋಷದಿಂದ ನೂಡಲ್ಸ್ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು.

ಫಿಲಿಪೀನ್ಸಿನ ಹುಡುಗಿ ಬಡಿಸುತ್ತಿದ್ದಳು. ಅವಳನ್ನು ಕರೆದು, ಆರಿಹೋದದ್ದನ್ನು ಕೊಡುತ್ತೀರಾ ಎಂದು ಗಂಭೀರವಾಗಿ ವಿಚಾರಣೆ ನಡೆಸಿದೆ. ಇದು ಇರುವುದೇ ಹೀಗೆ ಎಂದಳು ಅವಳು. ಅಷ್ಟರಲ್ಲಿ ಸಾಹೇಬರೂ ಕೈಯೆತ್ತಿ, "ಸಿಸ್ಟರ್, ಕೋಲ್ಡ್! ಕೋಲ್ಡ್!" ಎನ್ನುತ್ತಿದ್ದರು.

"ಪಪ್ಪ," ಅನನ್ಯಾಳ ದನಿ ಹಲ್ಲುಗಳ ನಡುವಿನಿಂದ ಬಂತು, "ಕಾರ್ಡ್ ಓದಿ."

"ಬೇಡ ಮಗಾ. ತಣ್ಣಗಿದ್ರೆ ಏನಾಯ್ತು? ಬಿಸಿ ಸಾರು ಹಾಕಿದ್ರೆ ಬಿಸಿಯಾಗ್ತದೆ."

ಹೀಗೆ ಹೇಳಿ, ಬಟ್ಟಲನ್ನು ಎತ್ತಿ ಅಷ್ಟೂ ಸಾರನ್ನು ನೂಡಲ್ಸಿನ ಮೇಲೆ ಸುರಿದೆ. ಅನ್ನದ ಮೇಲೆ ಸಾರು ಸುರಿದು ಬೆಳೆದ ಕೈಯಲ್ಲವೇ!

ಅನ್ನದ ಕೆಳಗೆ ತಟ್ಟೆ ಇರುತ್ತದೆ. ಇದರ ಕೆಳಗೆ ಇದ್ದದ್ದು ಚಾಪೆ. ಚಾಪೆಯ ಕೆಳಗೆ ಅಂಚಿಲ್ಲದ ಹಲಗೆ. ಹಲಗೆಯ ಕೆಳಗೆ ಮೇಜು. ಮೇಜಿನ ಕೆಳಗೆ ನಾನು! ಸಾರು ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ ನನ್ನ ತೊಡೆಯನ್ನು ತಲುಪಿತು. ಬಿಸಿಯಾಗಿಯೇ ಇತ್ತು.

"ಸಾಹೇಬ್ರೇ, ಬೇಡ!" ಎಂದು ಕೂಗುವಷ್ಟರಲ್ಲಿ ತಡವಾಗಿತ್ತು. ಶಿಷ್ಯರು ತಮ್ಮದನ್ನಷ್ಟೇ ಅಲ್ಲ, ಅಳಿಯನ ಬಟ್ಟಲನ್ನೂ ಪ್ರೀತಿಯಿಂದ ತಾವೇ ಸುರಿದಿದ್ದರು. ಅಳಿಯ ಎದ್ದು ನಿಂತ. ತೋಬಿನ ಸೊಂಟದಿಂದ ಮೊಣಕಾಲಿನವರೆಗೆ ಒಣಮೀನಿನ ಸಾರು ಇಳಿಯುತ್ತಿತ್ತು. ಪಾಪ, ಒಳ್ಳೆಯ ಮನೆತನದ ಹುಡುಗ. ಬೋರಲಾಗಿದ್ದ ಕಾರ್ಡನ್ನು ಎತ್ತಿಕೊಂಡು ಓದತೊಡಗಿದ.

"ಅದ್ದಿ ತಿನ್ಬೇಕು ಪಪ್ಪ! ಒಂದೊಂದೇ ತುತ್ತು ಅದ್ದಿ!" ಅನನ್ಯ ಮುಖ ಮುಚ್ಚಿಕೊಂಡಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕ್ಷಮೆ ಕೇಳಬಹುದಿತ್ತು. ಆದರೆ ಸುತ್ತಲಿನವರೆಲ್ಲ ನೋಡುತ್ತಿದ್ದರು, ಮತ್ತು ನನಗೆ ಸಿಟ್ಟು ಬಂದಿತ್ತು. ಚಾಪ್‌ಸ್ಟಿಕ್ಕನ್ನು ಪಕ್ಕಕ್ಕಿಟ್ಟು ಅಂಗಿಯ ತೋಳು ಮೇಲಕ್ಕೆ ಮಡಚಿದೆ.

"ಏನ್ರೀ ಇದು, ಕೈಯಲ್ಲಾ?" ಶೋಭಾ ಹೌಹಾರಿದಳು.

"ಹೌದು, ಕೈಯಲ್ಲೇ! ಈ ದೇಶದಲ್ಲಿ ಇಡೀ ಕುರಿ ಇಟ್ಟ ಕಬ್ಸಾ ಅನ್ನವನ್ನೇ ಕೈಯಲ್ಲಿ ತಿನ್ನುತ್ತಾರೆ. ಶಾವಿಗೆಗೇನು ಕೊಂಬು ಬಂದಿದೆಯಾ?"

ಕಲಸಿದೆ. ತಿಂದೆ. ಒಪ್ಪಿಕೊಳ್ಳಬೇಕು, ಅದ್ಭುತವಾಗಿತ್ತು! ಸಾಹೇಬರೂ ಕಲಸಿದರು. ಕೊನೆಯ ಎಳೆಯನ್ನು ಬಾಯಿಗೆಳೆದುಕೊಂಡಾಗ ನನ್ನ ಮಾನ ಅರ್ಧದಷ್ಟಾದರೂ ಮರಳಿ ಬಂದಂತಿತ್ತು. ಆಗ ಆ ಹುಡುಗಿ ಮೆಲ್ಲನೆ ಬಂದು ನನ್ನೆದುರು ಇನ್ನೊಂದು ಬಟ್ಟಲು ಇಟ್ಟಳು. ನೋಡಿದರೆ ತಿಳಿಯಾದ ಬಿಸಿನೀರು, ಮೇಲೆ ತೇಲುವ ಒಂದು ನಿಂಬೆ ಚೂರು.

ಇದು ಏನೆಂದು ನಮ್ಮೂರಿನ ಹೋಟೆಲುಗಳಲ್ಲಿ ಉಂಡವರಿಗೆ ಹೇಳಬೇಕೆ? ಜಪಾನಿನವರ ಮೇಲೆ ನನಗೆ ಮೊದಲ ಬಾರಿಗೆ ಗೌರವ ಹುಟ್ಟಿತು. ಐದೂ ಬೆರಳು ಇಳಿಸಿ, ನಿಂಬೆ ಹಿಂಡಿ, ಚೆನ್ನಾಗಿ ತಿಕ್ಕಿ ತೊಳೆದೆ. ಪಕ್ಕದಲ್ಲಿ ಸಾಹೇಬರದ್ದೂ ನಡೆದಿತ್ತು.

"ಮಾಮಾ..." ಅಳಿಯ ಕಾರ್ಡಿನಿಂದ ತಲೆಯೆತ್ತಿದ. "ಅದು ಕುಡಿಯುದಂತೆ."

ಬಡಿಸುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಉಳಿದ ಗಟ್ಟಿ ಸಾರಿಗೆ ಈ ತಿಳಿಸಾರು ಬೆರೆಸಿ ಕೊನೆಯಲ್ಲಿ ಕುಡಿಯುವುದು ಅವರ ಪದ್ಧತಿಯಂತೆ. ಈಗ ನನ್ನ ಮುಂದೆ ಇದ್ದದ್ದು ಎರಡು ದಾರಿ. ತಪ್ಪಾಯಿತು ಎನ್ನುವುದು ಒಂದು. ನಾನು ಇನ್ನೊಂದನ್ನು ಹಿಡಿದೆ.

"ಗೊತ್ತು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಬೆರಳಿನ ರುಚಿ ದಂಡವಾಗಬಾರದು ಅಂತ ಬೇಕೆಂದೇ ಅದ್ದಿದ್ದು. ನನ್ನ ಕೈ, ನನ್ನ ಸಾರು!"

ಬಟ್ಟಲನ್ನು ಎತ್ತಿ ಗಟಗಟನೆ ಕುಡಿದೆ. ಊಟಕ್ಕೆ ಮುಂಚೆ ಕೈತೊಳೆದ ಸಾಬೂನಿನ ವಾಸನೆ ಸ್ವಲ್ಪ ಇತ್ತು. ಸಾಹೇಬರು ನನ್ನನ್ನು ನೋಡಿದರು, ತಮ್ಮ ಬಟ್ಟಲನ್ನು ನೋಡಿದರು, ಬಿಸ್ಮಿಲ್ಲಾ ಎಂದು ಕಣ್ಣುಮುಚ್ಚಿ ಕುಡಿದುಬಿಟ್ಟರು. ಅಂಥ ನಿಷ್ಠೆಯನ್ನು ನಾನು ಕಂಪನಿಯಲ್ಲೂ ಕಂಡಿಲ್ಲ.

ಹಿಂತಿರುಗುವಾಗ ಕಾರಿನ ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಅನನ್ಯಾಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಎಲ್ಲ ಧೈರ್ಯವೂ ಇಳಿದುಹೋಯಿತು.

"ಸಾರಿ ಮಗಾ," ಎಂದೆ.

"ನಮ್ಮ ಹಿಂದಿನ ಟೇಬಲ್‌ನಲ್ಲಿ ಕೆಮಿಸ್ಟ್ರಿ ಮಿಸ್ ಇದ್ರು," ಎಂದಳು. ಆಮೇಲೆ ತಡೆಯಲಾಗದೆ ನಕ್ಕಳು. ಶೋಭಾಳೂ ನಕ್ಕಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮುಂದಿನ ಶುಕ್ರವಾರ ಬರ್ತೀಯಾ?"

"ಬರ್ತೇನೆ. ಅಲ್ಲಿಗೇ. ಇವತ್ತು ನಂಗೆ ಸರಿಯಾಗಿ ತಿನ್ಲಿಕ್ಕೇ ಆಗ್ಲಿಲ್ಲ. ನಾನು, ಮಮ್ಮಿ ಒಳಗೆ. ನೀವು ಕಾರಲ್ಲಿ."

ಆದ್ದರಿಂದ ಈ ಶುಕ್ರವಾರ ನಾನು ಆ ಹೋಟೆಲಿನ ಎದುರು, ಪಾರ್ಕಿಂಗಿನಲ್ಲಿ, ಎ.ಸಿ. ಹಾಕಿಕೊಂಡು ಕುಳಿತಿದ್ದೆ. ಮಗಳೇ ಪಾರ್ಸೆಲ್ ತಂದುಕೊಟ್ಟಳು. ಮೂರು ಡಬ್ಬ, ಜೊತೆಗೆ ಒದ್ದೆ ಟಿಶ್ಯೂವಿನ ಪ್ಯಾಕೆಟ್.

"ಪಪ್ಪ, ಪ್ಯಾಕೆಟ್‌ನಲ್ಲಿರೋದು ಕೈಗೆ. ಡಬ್ಬದಲ್ಲಿರೋದು ಬಾಯಿಗೆ. ನೆನಪಿರ್ಲಿ!" ಎಂದು ನನ್ನ ಕೆನ್ನೆ ತಟ್ಟಿ ಓಡಿದಳು.

ಬಂದಳಲ್ಲ, ಸಾಕು! ಗೆದ್ದವನಂತೆ ಡಬ್ಬ ತೆರೆಯುವಾಗ ಪಕ್ಕದ ಕಾರಿನ ಗಾಜು ಕೆಳಗಿಳಿಯಿತು. ಭಟ್ಕಳದ ಸಾಹೇಬರು! ಮಡಿಲಲ್ಲಿ ಅವೇ ಮೂರು ಡಬ್ಬ. ಅಳಿಯ ಒಳಗಿದ್ದಾನಂತೆ, ಮಾವ ಕಾರಿನಲ್ಲಿ.

"ನಿಮ್ದೂ ಇದೇ ಕಥೆಯಾ ಉಸ್ತಾದ್?" ಎಂದರು.

ನಾನು ಗತ್ತಿನಿಂದ ಚಾಪ್‌ಸ್ಟಿಕ್ ಎತ್ತಿಕೊಂಡೆ. ಸಾಹೇಬರು ಗಾಬರಿಯಿಂದ ಕೈ ಅಡ್ಡ ಚಾಚಿದರು.

"ಬೇಡ ಸರ್, ಬೇಡ! ಅಳಿಯ ನನಗೆ ಹೇಳಿಕೊಟ್ಟಿದ್ದಾನೆ. ಈ ಸಲ ನೀವು ನನ್ನನ್ನು ನೋಡಿ ತಿನ್ನಿ."

ಶಾವಿಗೆ ತಿನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ, ಹಿರಿಯರು ಹೇಳಿದರು ಎಂದು, ನೋಡಿ ತಿಂದೆ.